ಮಸುಕಾದ ಬೋರ್ಡು, ಅಳಿಯದ ಪಾಠ

ಪಾಠ ನಡೆಯುತ್ತಿದೆ. ಕ್ಯಾಮೆರಾ ತರಗತಿಯ ಕೊನೆಯ ಸಾಲಿನಲ್ಲಿದೆ. ಬೋರ್ಡಿನ ಮೇಲೆ ಬರೆದದ್ದು ಸೀಮೆಸುಣ್ಣದ ಬಿಳಿ ಗೆರೆಗಳಾಗಿ ಕಾಣುತ್ತದೆಯೇ ಹೊರತು ಅಕ್ಷರಗಳಾಗಿ ಅಲ್ಲ. ಅಧ್ಯಾಪಕರು ಬೋರ್ಡಿನ ಕಡೆ ತಿರುಗಿದ ಕೂಡಲೇ ಅವರ ಮಾತು ಫ್ಯಾನಿನ ಸದ್ದಿನಲ್ಲಿ ಮುಳುಗುತ್ತದೆ. ಬರೆದ ಸಾಲನ್ನು ಕ್ಯಾಮೆರಾ ಹುಡುಕಿಕೊಂಡು ಬರುವ ಹೊತ್ತಿಗೆ ಅದನ್ನು ಒರೆಸಿಯಾಗಿರುತ್ತದೆ. ಕಂಪ್ಯೂಟರ್ ವಿಜ್ಞಾನದ ಎಷ್ಟೋ ಒಳ್ಳೆಯ ಉಪನ್ಯಾಸಗಳು ಇಂಥ ಸ್ಥಿತಿಯಲ್ಲೇ ಉಳಿದುಕೊಂಡಿವೆ. ಹಾವೇರಿ ಜಿಲ್ಲೆಯ ಸವಣೂರಿನಂಥ ಊರಿನಲ್ಲಿ ಕುಳಿತು ಮೊಬೈಲಿನಲ್ಲಿ ಅದನ್ನು ನೋಡುವ ವಿದ್ಯಾರ್ಥಿಗೆ ಪರಕೀಯ ಉಚ್ಚಾರಣೆಯ ಇಂಗ್ಲಿಷ್ ಇನ್ನೊಂದು ಪರದೆ. ಇಂಥ ಪಾಠದಿಂದ ಏನಾದರೂ ದಕ್ಕೀತೆ?

ದಕ್ಕುತ್ತದೆ. ಅದರಲ್ಲೂ ಪಾಠದ ವಿಷಯ ‘ಫಂಕ್ಷನಲ್ ಪ್ರೋಗ್ರಾಮಿಂಗ್’ ಎಂಬ ಪದ್ಧತಿಯಲ್ಲಿ ಬರುವ ‘ಟೈಪ್’ಗಳಾಗಿದ್ದರೆ, ಕಳೆದುಹೋದದ್ದನ್ನು ತುಂಬಿಕೊಳ್ಳುವ ಉಪಾಯ ಆ ವಿಷಯದೊಳಗೇ ಇದೆ. ಇದನ್ನು ತಿಳಿಯಲು ಕಂಪ್ಯೂಟರ್ ಬಲ್ಲವರೇ ಆಗಬೇಕಿಲ್ಲ. ಸವಣೂರಿನ ಸುತ್ತಮುತ್ತಲ ಗುಡಿಗಳಲ್ಲಿ ಸವೆದ ಶಾಸನಗಳನ್ನು ಓದಿದ ವಿದ್ವಾಂಸರು ಬಹಳ ಹಿಂದಿನಿಂದ ಬಳಸುತ್ತಾ ಬಂದಿರುವುದೂ ಹೆಚ್ಚುಕಡಿಮೆ ಇದೇ ಉಪಾಯವನ್ನು.

ದೂರದ ಪಾಠವನ್ನು ಅರೆಬರೆಯಾಗಿ ಕೇಳುವುದು ಕರ್ನಾಟಕಕ್ಕೆ ಹೊಸದಲ್ಲ. ಧಾರವಾಡ ಆಕಾಶವಾಣಿ 1950ರ ಜನವರಿಯಲ್ಲಿ ಆರಂಭವಾದಾಗ ಸವಣೂರು ಧಾರವಾಡ ಜಿಲ್ಲೆಯಲ್ಲೇ ಇತ್ತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠಗಳು ನೇರವಾಗಿ ಬಂದವು. ‘ಸೈಟ್’ ಎಂಬ ಆ ಪ್ರಯೋಗದಲ್ಲಿ ಕರ್ನಾಟಕದಿಂದ ಸೇರಿದ್ದವು ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು. 1984ರಲ್ಲಿ ಯು.ಜಿ.ಸಿ.ಯ ತರಗತಿಗಳು ದೂರದರ್ಶನದಲ್ಲಿ ಆರಂಭವಾದವು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹ ಹಾರಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಉಪಗ್ರಹದ ಮೂಲಕ ಎಂಜಿನಿಯರಿಂಗ್ ಕಾಲೇಜುಗಳಿಗೆ ಪಾಠ ಕಳುಹಿಸಿತು. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸಿದ ಎನ್.ಪಿ.ಟಿ.ಇ.ಎಲ್. ಯೋಜನೆ ಸಾವಿರಾರು ಗಂಟೆಗಳ ಉಪನ್ಯಾಸಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಈ ಎಲ್ಲ ಸಾಧನಗಳ ಕೊನೆಯಲ್ಲಿ ಇರುವವನು ಮಾತ್ರ ಒಬ್ಬನೇ: ಪ್ರಶ್ನೆ ಕೇಳಲಾಗದ ಕೇಳುಗ. ಬೋರ್ಡಿನ ಮೇಲಿನ ಸಾಲು ಕಾಣದಿದ್ದರೆ ‘ಇನ್ನೊಮ್ಮೆ ಹೇಳಿ ಸಾರ್’ ಎನ್ನಲು ಅವನಿಗೆ ದಾರಿಯಿಲ್ಲ.

ಈಗ ‘ಟೈಪ್’ ಎಂದರೇನು ನೋಡೋಣ. ಕನ್ನಡದಲ್ಲಿ ಇದನ್ನು ‘ಬಗೆ’ ಎನ್ನಬಹುದು. ಹಿಟ್ಟಿನ ಗಿರಣಿಗೆ ಜೋಳ ಹಾಕಿದರೆ ಹಿಟ್ಟು ಬರುತ್ತದೆ. ಒಲೆಯ ಮುಂದೆ ಕುಳಿತವರು ಹಿಟ್ಟನ್ನು ರೊಟ್ಟಿ ಮಾಡುತ್ತಾರೆ. ಮೊದಲನೆಯ ಕೆಲಸವನ್ನು ‘ಜೋಳ → ಹಿಟ್ಟು’ ಎಂದೂ ಎರಡನೆಯದನ್ನು ‘ಹಿಟ್ಟು → ರೊಟ್ಟಿ’ ಎಂದೂ ಬರೆಯಬಹುದು. ಗಿರಣಿಯ ಒಳಗೆ ಕಲ್ಲು ಹೇಗೆ ತಿರುಗುತ್ತದೆ ಎಂಬುದನ್ನು ಈ ಬರಹ ಹೇಳುವುದಿಲ್ಲ. ಏನನ್ನು ಕೊಟ್ಟರೆ ಏನು ಸಿಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಫಂಕ್ಷನಲ್ ಪ್ರೋಗ್ರಾಮಿಂಗಿನಲ್ಲಿ ಇಡೀ ಕಾರ್ಯಕ್ರಮವೇ ಇಂಥ ಸಣ್ಣ ಸಣ್ಣ ಕೆಲಸಗಳ, ಅಂದರೆ ಫಂಕ್ಷನ್‌ಗಳ ಜೋಡಣೆ. ಒಂದರ ಬಾಯಿಂದ ಬಂದದ್ದು ಇನ್ನೊಂದರ ಬಾಯಿಗೆ ಹೊಂದಬೇಕು. ಜೋಳವನ್ನೇ ನೇರವಾಗಿ ರೊಟ್ಟಿ ತಟ್ಟಲು ಕೊಟ್ಟರೆ, ಒಲೆ ಹಚ್ಚುವ ಮೊದಲೇ ‘ಇದು ಕೂಡದು’ ಎಂದು ಯಂತ್ರ ಎಚ್ಚರಿಸುತ್ತದೆ. ಬಗೆಗಳ ಮುಖ್ಯ ಉಪಯೋಗ ಇದೇ.

ಈ ವಿಚಾರ ಹುಟ್ಟಿದ್ದು ಕಂಪ್ಯೂಟರಿಗಾಗಿ ಅಲ್ಲ. 1901ರಲ್ಲಿ ಬರ್ಟ್ರಂಡ್ ರಸೆಲ್ ಗಣಿತದ ಬುಡದಲ್ಲೇ ಒಂದು ವಿರೋಧಾಭಾಸ ಕಂಡ. ತನ್ನನ್ನು ತಾನು ಒಳಗೊಳ್ಳದ ಗಣಗಳನ್ನೆಲ್ಲ ಸೇರಿಸಿದ ಗಣವೊಂದು ತನ್ನನ್ನು ಒಳಗೊಳ್ಳುತ್ತದೆಯೇ ಎಂದು ಕೇಳಿದರೆ, ಹೌದೆಂದರೂ ತಪ್ಪು, ಇಲ್ಲವೆಂದರೂ ತಪ್ಪು. ಇಂಥ ಪ್ರಶ್ನೆಯೇ ಏಳದಂತೆ ವಸ್ತುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸುವ ‘ಟೈಪ್ ಸಿದ್ಧಾಂತ’ವನ್ನು 1908ರಲ್ಲಿ ರಸೆಲ್ ವಿಸ್ತಾರವಾಗಿ ಮಂಡಿಸಿದ. ಅಮೆರಿಕದ ಅಲೊಂಜೊ ಚರ್ಚ್ 1940ರಲ್ಲಿ ಅದನ್ನು ತನ್ನ ಫಂಕ್ಷನ್‌ಗಳ ಗಣಿತಕ್ಕೆ ಹೊಂದಿಸಿದ. 1969ರಲ್ಲಿ ರೋಜರ್ ಹಿಂಡ್ಲಿ, ಅವನದನ್ನು ಅರಿಯದೆಯೇ 1978ರಲ್ಲಿ ರಾಬಿನ್ ಮಿಲ್ನರ್, ಇನ್ನೊಂದು ಮಹತ್ವದ ಸಂಗತಿಯನ್ನು ತೋರಿಸಿಕೊಟ್ಟರು: ಬರೆದವರು ಬಗೆಗಳನ್ನು ಹೇಳದೆ ಬಿಟ್ಟರೂ ಉಳಿದ ಬರಹದಿಂದ ಅವುಗಳನ್ನು ಊಹಿಸಬಹುದು. ಎಡಿನ್‌ಬರೊದಲ್ಲಿ ಮಿಲ್ನರ್ ಮತ್ತು ಸಂಗಡಿಗರು ರೂಪಿಸಿದ ‘ಎಂ.ಎಲ್.’ ಭಾಷೆ, 1990ರಲ್ಲಿ ಹೊರಬಂದ ‘ಹ್ಯಾಸ್ಕೆಲ್’ ಭಾಷೆ ಈ ಊಹೆಯನ್ನೇ ಆಧಾರವಾಗಿ ಇಟ್ಟುಕೊಂಡಿವೆ.

ಮಸುಕಾದ ಉಪನ್ಯಾಸಕ್ಕೂ ಇದಕ್ಕೂ ಸಂಬಂಧ ಬರುವುದು ಇಲ್ಲಿಯೇ. ಬೋರ್ಡಿನ ಮೇಲೆ ಎರಡು ಫಂಕ್ಷನ್‌ಗಳನ್ನು ಜೋಡಿಸಿ ಬರೆದಿದ್ದಾರೆ ಎಂದುಕೊಳ್ಳೋಣ. ಮೊದಲಿನ ‘ಜೋಳ’ ಕಾಣುತ್ತದೆ, ಕೊನೆಯ ‘ರೊಟ್ಟಿ’ ಕಾಣುತ್ತದೆ, ಎರಡನೆಯ ಕೆಲಸ ರೊಟ್ಟಿ ತಟ್ಟುವುದೆಂದು ಅಧ್ಯಾಪಕರು ಹೇಳಿದ್ದೂ ಕೇಳಿದೆ. ನಡುವಿನ ಅಕ್ಷರ ಮಾತ್ರ ಮಸಕು. ಅಲ್ಲಿ ‘ಹಿಟ್ಟು’ ಇರಲೇಬೇಕು. ಬೇರೆ ಯಾವುದೂ ಹೊಂದದು.

ಇನ್ನೂ ಮುಂದೆ ಹೋಗಬಹುದು. ಒಂದು ಫಂಕ್ಷನ್ ಯಾವ ಬಗೆಯ ವಸ್ತುವನ್ನು ಕೊಟ್ಟರೂ ಒಂದೇ ರೀತಿಯಲ್ಲಿ ನಡೆದು ಅದೇ ಬಗೆಯ ವಸ್ತುವನ್ನು ಮರಳಿಸಬೇಕು, ಅಂದರೆ ಅದರ ಬಗೆ ‘ಅ → ಅ’. ಕೊಟ್ಟದ್ದು ಅಂಕಿಯೋ ಅಕ್ಷರವೋ ಎಂದು ತಿಳಿಯದ ಮೇಲೆ ಅದನ್ನು ಕೂಡಿಸುವಂತಿಲ್ಲ, ಕತ್ತರಿಸುವಂತಿಲ್ಲ. ಮರಳಿಸಬೇಕಾದರೆ ಕೊಟ್ಟದ್ದನ್ನೇ ಮರಳಿಸಬೇಕು. ಒಳಗಿನ ಒಂದು ಅಕ್ಷರವನ್ನೂ ನೋಡದೆ, ಬಗೆಯನ್ನು ಮಾತ್ರ ಓದಿ, ಅದರ ಕೆಲಸ ತಿಳಿದಂತಾಯಿತು. ಜಾನ್ ರೆನಾಲ್ಡ್ಸ್ 1983ರಲ್ಲಿ ಈ ತತ್ವವನ್ನು ಗಣಿತದ ಭಾಷೆಯಲ್ಲಿ ಸ್ಥಾಪಿಸಿದ. ಫಿಲಿಪ್ ವಾಡ್ಲರ್ 1989ರಲ್ಲಿ ಅದರಿಂದ ಪುಕ್ಕಟೆಯಾಗಿ ಸಿಗುವ ಪ್ರಮೇಯಗಳನ್ನು ಪಟ್ಟಿ ಮಾಡಿದ.

ಇದೇ ಕಣ್ಣಿನಿಂದ ಶಾಸನಗಳನ್ನು ನೋಡಬಹುದು. ಸವಣೂರಿನ ಒಂದು ಮಗ್ಗುಲಿಗೆ ಕದಂಬರ ಶಾಖೆಯೊಂದರ ರಾಜಧಾನಿಯಾಗಿದ್ದ ಹಾನಗಲ್ಲು, ಹತ್ತಿರದಲ್ಲೇ ಶಿಗ್ಗಾವಿ ತಾಲ್ಲೂಕಿನ ಬಂಕಾಪುರ, ದಕ್ಷಿಣಕ್ಕೆ ಹಿರೇಕೆರೂರು ಭಾಗದ ಅಬಲೂರು. ಅಬಲೂರಿನ ಗುಡಿಯಲ್ಲಿ ಏಕಾಂತದ ರಾಮಯ್ಯನ ಕಥೆ ಹೇಳುವ ಶಾಸನವಿದೆ. ಜೆ.ಎಫ್. ಫ್ಲೀಟ್ ಅವರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಭಾಗದ ಅನೇಕ ಶಾಸನಗಳನ್ನು ಓದಿ ಪ್ರಕಟಿಸಿದರು. ಮಳೆ ಗಾಳಿಗೆ ಮೈಯೊಡ್ಡಿದ ಕಲ್ಲು, ಸುಣ್ಣ ಮೆತ್ತಿಕೊಂಡ ಅಕ್ಷರ, ಒಡೆದ ಅಂಚು ಓದುವವರಿಗೆ ನಿತ್ಯದ ಮಾತು. ಕಾಣದ ಅಕ್ಷರವನ್ನು ಅವರು ಕಲ್ಪನೆಯಿಂದ ತುಂಬುವುದಿಲ್ಲ, ಕಟ್ಟಿನಿಂದ ತುಂಬುತ್ತಾರೆ.

ಪದ್ಯಭಾಗ ಕಂದವಾಗಿದ್ದರೆ ಒಂದನೆಯ ಮತ್ತು ಮೂರನೆಯ ಪಾದಗಳಿಗೆ 12 ಮಾತ್ರೆ, ಎರಡನೆಯ ಮತ್ತು ನಾಲ್ಕನೆಯ ಪಾದಗಳಿಗೆ 20 ಮಾತ್ರೆ. ಪಾದದಲ್ಲಿ ಎಷ್ಟು ಮಾತ್ರೆ ಕಡಿಮೆ ಬಿದ್ದಿದೆ ಎಂದು ಎಣಿಸಿದರೆ ಸವೆದ ಜಾಗದಲ್ಲಿ ಏನು ಹಿಡಿದೀತು ಎಂಬುದು ತಿಳಿಯುತ್ತದೆ. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸ ಬರುವುದರಿಂದ ಅಲ್ಲಿ ಅಳಿದ ವ್ಯಂಜನವನ್ನು ಉಳಿದ ಪಾದಗಳೇ ಹೇಳಿಕೊಡುತ್ತವೆ. ಕಾಲ ಹೇಳುವಲ್ಲಿ ಶಕವರ್ಷದ ಜೊತೆಗೆ ಸಂವತ್ಸರದ ಹೆಸರೂ ಇರುತ್ತದೆ. ಇಂದಿನ ಪಂಚಾಂಗದಿಂದಲೇ ಉದಾಹರಣೆ ಕೊಡುವುದಾದರೆ, ‘ಶಕ 194’ರ ಮುಂದಿನ ಅಂಕಿ ಅಳಿದು ‘ಕ್ರೋಧಿ ಸಂವತ್ಸರ’ ಎಂಬುದು ಉಳಿದಿದ್ದರೆ ಆ ವರ್ಷ 1946 ಅಲ್ಲದೆ ಬೇರೆಯಾಗದು. ಸಂವತ್ಸರಗಳು 60 ವರ್ಷಕ್ಕೊಮ್ಮೆ ತಿರುಗುವುದರಿಂದ ಒಂದೇ ದಶಕದಲ್ಲಿ ಎರಡು ಕ್ರೋಧಿ ಬರುವುದಿಲ್ಲ. ಕೊನೆಯಲ್ಲಿ ದತ್ತಿ ಕೆಡಿಸಿದವನಿಗೆ ಶಾಪ ಹಾಕುವ ಶ್ಲೋಕಗಳು ಊರೂರಲ್ಲೂ ಮತ್ತೆ ಮತ್ತೆ ಬರುವಂಥವು. ಅರ್ಧ ಉಳಿದರೂ ಪೂರ್ತಿ ಓದಬಹುದು.

ಈ ಉಪಾಯಕ್ಕೆ ಗಡಿಯೂ ಇದೆ, ಅದನ್ನು ಮರೆಯಬಾರದು. ಶಾಸನದಲ್ಲಿ ದೇವರಿಗೆ ಬಿಟ್ಟ ಭೂಮಿ ಎಷ್ಟು ಮತ್ತರು ಎಂಬ ಸಂಖ್ಯೆಯೇ ಒಡೆದುಹೋಗಿದ್ದರೆ ಯಾವ ಛಂದಸ್ಸೂ ಅದನ್ನು ಮರಳಿ ತಾರದು. ಅಲ್ಲಿ ಒಂದು ಸಂಖ್ಯೆ ಇತ್ತು ಎಂದಷ್ಟೇ ಹೇಳಬಹುದು. ಬಗೆಗಳ ಕಥೆಯೂ ಹೀಗೆಯೇ. ಒಂದು ಪಟ್ಟಿಯನ್ನು ಕೊಟ್ಟರೆ ಅದೇ ಬಗೆಯ ಪಟ್ಟಿಯನ್ನು ಮರಳಿಸುವ ಫಂಕ್ಷನ್ ಎಂದು ಮಾತ್ರ ತಿಳಿದಿದ್ದರೆ, ಅದು ಪಟ್ಟಿಯನ್ನು ತಿರುಗಿಸುತ್ತದೆಯೋ, ಮೊದಲನೆಯದನ್ನು ಬಿಡುತ್ತದೆಯೋ, ಇದ್ದಂತೆಯೇ ಕೊಡುತ್ತದೆಯೋ ಹೇಳಲಾಗದು. ಹೊಸ ವಸ್ತುವನ್ನು ಅದು ಸೃಷ್ಟಿಸಲಾರದು ಎಂಬುದಷ್ಟೇ ಖಚಿತ. ಪ್ರಾಮಾಣಿಕ ಶಾಸನತಜ್ಞರು ತುಂಬಿದ ಅಕ್ಷರವನ್ನು ಕಂಸದಲ್ಲಿ ಹಾಕಿ, ತುಂಬಲಾಗದ್ದಕ್ಕೆ ಚುಕ್ಕೆ ಇಡುತ್ತಾರೆ. ಕೆಟ್ಟ ಧ್ವನಿಮುದ್ರಣದಿಂದ ಟಿಪ್ಪಣಿ ಬರೆದುಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಸಿಗಲಾರದು.

ಪಾಠ ಅಪೂರ್ಣವಾಗಿ ತಲುಪಿಯೂ ಬೆಳೆದದ್ದಕ್ಕೆ ಈ ಶಾಸ್ತ್ರದಲ್ಲೇ ನಿದರ್ಶನವಿದೆ. ಆಕ್ಸ್‌ಫರ್ಡಿನ ಕ್ರಿಸ್ಟೊಫರ್ ಸ್ಟ್ರೇಚಿ 1967ರಲ್ಲಿ ಕೋಪನ್‌ಹೇಗನ್ನಿನ ಬೇಸಿಗೆ ಶಿಬಿರದಲ್ಲಿ ಉಪನ್ಯಾಸ ಮಾಡಿದರು. ಎಲ್ಲ ಬಗೆಗಳಿಗೂ ಒಂದೇ ರೀತಿ ನಡೆಯುವ ಫಂಕ್ಷನ್‌ಗಳಿಗೂ ಬಗೆಬಗೆಗೆ ಬೇರೆಬೇರೆಯಾಗಿ ನಡೆಯುವವಕ್ಕೂ ಇರುವ ವ್ಯತ್ಯಾಸಕ್ಕೆ ಅಲ್ಲಿ ಹೆಸರು ಬಿತ್ತು. ಆ ಉಪನ್ಯಾಸದ ಟಿಪ್ಪಣಿಗಳು ದಶಕಗಳ ಕಾಲ ಕೈಯಿಂದ ಕೈಗೆ ಸಾಗಿದವು. ಅಚ್ಚಾದದ್ದು 2000ದಲ್ಲಿ, ಸ್ಟ್ರೇಚಿ ತೀರಿಕೊಂಡು 25 ವರ್ಷಗಳಾದ ಮೇಲೆ. ಅಷ್ಟರಲ್ಲಿ ಅದರ ತಿರುಳು ಎಂ.ಎಲ್. ಮತ್ತು ಹ್ಯಾಸ್ಕೆಲ್‌ಗಳಲ್ಲಿ ಸೇರಿಹೋಗಿತ್ತು.

ಸವಣೂರು ವಿ.ಕೃ. ಗೋಕಾಕರು ಹುಟ್ಟಿದ ಊರು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅವರೇ ಶಾಲೆಗಳಲ್ಲಿ ಕನ್ನಡದ ಸ್ಥಾನದ ಬಗ್ಗೆ 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಉನ್ನತ ಶಿಕ್ಷಣದ ಪಾಠ ಎರಡು ಪರದೆಗಳ ಆಚೆಯಿಂದ ಬರುತ್ತದೆ ಎಂಬ ಮಾತು ಇಂದಿಗೂ ಹಳೆಯದಾಗಿಲ್ಲ. ಈಗ ಇದೇ ವಿಷಯದ ಮೇಲೆ ಚೆನ್ನಾಗಿ ಚಿತ್ರೀಕರಿಸಿದ ಪಾಠಗಳೂ ಇವೆ. ಚೆನ್ನೈ ಗಣಿತ ಸಂಸ್ಥೆಯ ಅಧ್ಯಾಪಕರು ಎನ್.ಪಿ.ಟಿ.ಇ.ಎಲ್. ಮೂಲಕ ಹ್ಯಾಸ್ಕೆಲ್ ಕಲಿಸಿದ್ದಾರೆ. ಆದರೆ ಎಲ್ಲ ಒಳ್ಳೆಯ ಗುರುಗಳೂ ಒಳ್ಳೆಯ ಕ್ಯಾಮೆರಾದ ಮುಂದೆ ನಿಲ್ಲುವುದಿಲ್ಲ.

ಹಾಗಾಗಿ ಮಸುಕಾದ ಪಾಠ ನೋಡುವವರು ಒಂದು ಅಭ್ಯಾಸ ಇಟ್ಟುಕೊಳ್ಳುವುದು ಲೇಸು. ಮಾತನ್ನು ಬರೆದುಕೊಳ್ಳುವ ಮೊದಲು ಬಗೆಯನ್ನು ಬರೆದುಕೊಳ್ಳಬೇಕು: ಏನು ಒಳಗೆ ಹೋಯಿತು, ಏನು ಹೊರಗೆ ಬಂತು, ನಡುವೆ ಬಾಣ. ಆ ಬಾಣ ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ. ಅದನ್ನು ಹಿಡಿದು ಹೊರಟರೆ ಕಾಣದ ಅಕ್ಷರಗಳಲ್ಲಿ ಅರ್ಧಕ್ಕರ್ಧ ತಾವಾಗಿಯೇ ಕಾಣತೊಡಗುತ್ತವೆ. ಉಳಿದ ಅರ್ಧಕ್ಕೆ ಚುಕ್ಕೆ ಇಟ್ಟು, ಬಲ್ಲವರು ಸಿಕ್ಕಾಗ ಕೇಳಿಕೊಳ್ಳಬೇಕು.