ಊರ ಗಡಿಗೆ ಸರಿದ ಕಸ

ಉಡುಪಿಯಿಂದ ಕಾಪುವಿಗೋ ಕಾರ್ಕಳಕ್ಕೋ ಹೋಗುವ ದಾರಿಗಳಲ್ಲಿ ಒಂದು ಸಂಗತಿಯನ್ನು ಯಾರಾದರೂ ಗಮನಿಸಬಹುದು. ಚೀಲದಲ್ಲಿ ಕಟ್ಟಿ ಎಸೆದ ಕಸ ಪೇಟೆಯ ನಡುವೆ ಕಾಣುವುದಕ್ಕಿಂತ ಹೆಚ್ಚಾಗಿ ಪೇಟೆ ಮುಗಿದು ಹಳ್ಳಿ ಆರಂಭವಾಗುವಲ್ಲಿ, ಸೇತುವೆಯ ಬದಿಯಲ್ಲಿ, ಮನೆಗಳಿಲ್ಲದ ತಿರುವಿನಲ್ಲಿ, ಕಲ್ಲು ತೆಗೆದು ಬಿಟ್ಟ ಹೊಂಡದಲ್ಲಿ ಕಾಣುತ್ತದೆ. ಕಸ ಎಸೆಯುವವನು ನಿಯಮ ಅರಿಯದವನಲ್ಲ. ನಿಯಮದ ಕಣ್ಣು ಎಲ್ಲಿ ಮಂಜಾಗುತ್ತದೆ ಎಂಬುದನ್ನು ಚೆನ್ನಾಗಿ ಅರಿತವನು. ನಗರಸಭೆಯ ಅಧಿಕಾರಿ ತನ್ನ ಗಡಿಯ ಆಚೆ ದಂಡ ಹಾಕುವಂತಿಲ್ಲ. ಗಡಿಯ ಆಚೆಗಿನ ಪಂಚಾಯಿತಿಗೆ ರಾತ್ರಿ ಕಾವಲು ಕಾಯಲು ಜನವಿಲ್ಲ. ಈ ಎರಡರ ನಡುವಿನ ಸಂದಿನಲ್ಲಿ ಕಸ ಬೀಳುತ್ತದೆ. ಆದರೆ ಕಸವನ್ನು ಗಡಿಗೆ ಒಯ್ಯುವ ಪಾಠವನ್ನು ಜನರಿಗೆ ಕಲಿಸಿದವರು ಯಾರು? ಇತಿಹಾಸವನ್ನು ನೋಡಿದರೆ, ನಗರಗಳೇ ಎಂದು ಹೇಳಬೇಕಾಗುತ್ತದೆ.

ಕ್ರಿಸ್ತಪೂರ್ವ 4ನೇ ಶತಮಾನದ ಅಥೆನ್ಸ್ ನಗರದಲ್ಲಿ ಹೊಲಸು ಸಾಗಿಸುವವರ ಮೇಲೆ ನಿಗಾ ಇಡಲು ಅಧಿಕಾರಿಗಳಿದ್ದರು. ಕೋಟೆಗೋಡೆಯಿಂದ ಹತ್ತು ಸ್ಟೇಡಿಯಾ, ಅಂದರೆ ಸುಮಾರು ಎರಡು ಕಿಲೋಮೀಟರಿನೊಳಗೆ ಅದನ್ನು ಸುರಿಯದಂತೆ ನೋಡಿಕೊಳ್ಳುವುದು ಅವರ ಕೆಲಸ. ರೋಮ್ ನಗರದ ಎಸ್ಕ್ವಿಲೈನ್ ಗುಡ್ಡದ ಬಳಿ ಅಧಿಕಾರಿಯೊಬ್ಬನ ನಿಷೇಧಾಜ್ಞೆ ಕೆತ್ತಿದ ಗಡಿಕಲ್ಲುಗಳು ಸಿಕ್ಕಿವೆ. ಅದರ ಕೆಳಗೆ ಯಾರೋ ಬಣ್ಣದಲ್ಲಿ, ಹೊಲಸನ್ನು ಇನ್ನೂ ದೂರ ಒಯ್ಯಿರಿ ಎಂಬರ್ಥದ ಎಚ್ಚರಿಕೆಯನ್ನು ಬರೆದಿದ್ದರು. ದೂರ ಒಯ್ದರೆ ಸಾಕು. ಆ ದೂರದಲ್ಲಿ ಯಾರು ವಾಸಿಸುತ್ತಾರೆ ಎಂಬ ಪ್ರಶ್ನೆ ಏಳಲಿಲ್ಲ.

ನಮ್ಮಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ನಗರದೊಳಗಿನ ದಂಡವನ್ನು ಅಳೆದು ನಿಗದಿ ಮಾಡಿತು. ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಈ ಗ್ರಂಥವನ್ನು ಅಚ್ಚಿಗೆ ತಂದಾಗ ಲೋಕಕ್ಕೆ ತಿಳಿದ ಸಂಗತಿಗಳಲ್ಲಿ ಇದೂ ಒಂದು. ಬೀದಿಯಲ್ಲಿ ಕಸಮಣ್ಣು ಚೆಲ್ಲಿದರೆ ಪಣದ ಎಂಟನೆಯ ಒಂದು ಭಾಗ ದಂಡ. ಕೆಸರುನೀರು ಕಟ್ಟಿ ನಿಲ್ಲುವಂತೆ ಮಾಡಿದರೆ ಕಾಲು ಪಣ. ರಾಜಮಾರ್ಗದಲ್ಲಾದರೆ ಎರಡೂ ಇಮ್ಮಡಿ. ಸತ್ತ ಬೆಕ್ಕು, ನಾಯಿ, ಹಾವುಗಳನ್ನು ನಗರದೊಳಗೆ ಎಸೆದರೆ ಮೂರು ಪಣ. ಪುಣ್ಯಸ್ಥಳ, ನೀರಿನ ತಾಣಗಳ ಬಳಿ ಮಲಮೂತ್ರ ಮಾಡಿದವರಿಗೂ ದಂಡವಿತ್ತು. ಆದರೆ ಕಾಯಿಲೆ, ಔಷಧ ಅಥವಾ ಭಯದಿಂದ ಹಾಗಾದರೆ ಕ್ಷಮೆಯಿತ್ತು. ಅಪರಾಧಕ್ಕೆ ತಕ್ಕ ದಂಡ, ಸ್ಥಳಕ್ಕೆ ತಕ್ಕ ಏರಿಕೆ, ಅಸಹಾಯಕನಿಗೆ ವಿನಾಯಿತಿ ಎಂಬ ಮೂರು ತತ್ವಗಳು ಇಲ್ಲಿವೆ.

ಬ್ರಿಟಿಷರು 1860ರಲ್ಲಿ ತಂದ ಭಾರತೀಯ ದಂಡ ಸಂಹಿತೆ ಕಸವನ್ನು ಸಾರ್ವಜನಿಕ ಉಪದ್ರವಗಳ ಸಾಲಿಗೆ ಸೇರಿಸಿತು. ಅದರ 290ನೇ ಕಲಮಿನ ಪ್ರಕಾರ ಗರಿಷ್ಠ ದಂಡ 200 ರೂಪಾಯಿ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಸೋಜಿಗವೆಂದರೆ, 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಅದನ್ನು 1000 ರೂಪಾಯಿಗೆ ಏರಿಸುವವರೆಗೂ ಆ ಅಂಕಿ ಕದಲಲಿಲ್ಲ. ಹೆದರಿಸಬೇಕಾದ ದಂಡ ಹೋಟೆಲಿನ ಒಂದು ಬಿಲ್ಲಿಗಿಂತ ಅಗ್ಗವಾಗಿತ್ತು.

ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿತ್ತು. 1889ರ ಮದರಾಸು ಪಟ್ಟಣ ಉಪದ್ರವ ಕಾಯ್ದೆ ಬೀದಿಯ ಹೊಲಸಿಗೆ ದಂಡ ವಿಧಿಸುತ್ತಿತ್ತು. 1920ರ ಜಿಲ್ಲಾ ಮುನಿಸಿಪಾಲಿಟಿಗಳ ಕಾಯ್ದೆ ಪೇಟೆ ಗುಡಿಸುವ ಹೊಣೆಯನ್ನು ಪುರಸಭೆಗೆ ಒಪ್ಪಿಸಿತು. ಉಡುಪಿಗೆ ಪುರಸಭೆ ಬಂದದ್ದು 1935ರಲ್ಲಿ. ಆಗಿನ ಮನೆಗಳಲ್ಲಿ ಎಸೆಯುವುದೇ ಕಡಿಮೆಯಿತ್ತು. ತರಗೆಲೆ ಹಟ್ಟಿಗೆ, ಹಟ್ಟಿಯ ಗೊಬ್ಬರ ಗದ್ದೆಗೆ, ಒಲೆಯ ಬೂದಿ ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಪೇಟೆಗಳಲ್ಲಿ ನಿಜವಾದ ಸಮಸ್ಯೆ ಮಲದ ವಿಲೇವಾರಿ. ಅದನ್ನು ಮನುಷ್ಯರ ತಲೆಯ ಮೇಲೆ ಹೊರಿಸಲಾಗಿತ್ತು.

ಇಲ್ಲಿ ಉಡುಪಿಯ ಹೆಸರು ಇತಿಹಾಸದಲ್ಲಿ ನಿಲ್ಲುತ್ತದೆ. 1968ರಲ್ಲಿ ಡಾ. ವಿ.ಎಸ್. ಆಚಾರ್ಯ ಪುರಸಭೆಯ ಅಧ್ಯಕ್ಷರಾದ ಮೇಲೆ ಉಡುಪಿಯಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲಾಯಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ಪುರಸಭೆ ಇದೆಂದು ಹೇಳುತ್ತಾರೆ. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಈ ನಿಷೇಧವನ್ನು ಬೀದಿಯ ದಂಡಕ್ಕೆ ಹೋಲಿಸಿ ನೋಡಬೇಕು. ಬೀದಿಯ ದಂಡ ಇನ್ನೊಬ್ಬನನ್ನು ತಿದ್ದಲು ಹೊರಡುತ್ತದೆ. ಇಲ್ಲಿ ಊರು ತನ್ನನ್ನು ತಾನೇ ತಿದ್ದಿಕೊಳ್ಳಬೇಕಾಯಿತು.

ಅನಂತರದ ದಶಕಗಳಲ್ಲಿ ಕಸದ ಸ್ವರೂಪ ಬದಲಾಯಿತು. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪಿಸಿದ ಮೇಲೆ ಮಣಿಪಾಲದ ಗುಡ್ಡದಲ್ಲಿ ಆಸ್ಪತ್ರೆ, ಹಾಸ್ಟೆಲು, ವಸತಿ ಸಮುಚ್ಚಯಗಳು ಎದ್ದವು. ಅಲ್ಲಿ ಹಟ್ಟಿಯೂ ಇಲ್ಲ, ಗದ್ದೆಯೂ ಇಲ್ಲ. ಪ್ಲಾಸ್ಟಿಕ್ ಎಲ್ಲ ಊರುಗಳಿಗೂ ಬಂತು. ಈಗ ಉಡುಪಿ ನಗರಸಭೆಯ ತ್ಯಾಜ್ಯ ಘಟಕ ಇರುವುದು ಅಲೆವೂರಿನ ಕರ್ವಾಲಿನಲ್ಲಿ. ದೊಡ್ಡ ನಗರಗಳೂ ಇದೇ ಹಾದಿ ಹಿಡಿದಿದ್ದವು. ಬೆಂಗಳೂರು ತನ್ನ ಕಸವನ್ನು ಮಾವಳ್ಳಿಪುರಕ್ಕೆ, ಮಂಡೂರಿಗೆ ಸಾಗಿಸಿತು. ಹಳ್ಳಿಯವರ ಹೋರಾಟದಿಂದ 2014ರ ಕೊನೆಗೆ ಮಂಡೂರಿಗೆ ಕಸ ಬರುವುದು ನಿಂತಿತು. 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಕುಸಿದು ಮಂದಾರದ ಮನೆ, ತೋಟಗಳನ್ನು ಹೂತುಹಾಕಿತು. ಒಬ್ಬ ಒಂದು ಚೀಲ ಎಸೆದರೆ ಅಪರಾಧ. ನಗರವೊಂದು ಲಾರಿಗಟ್ಟಲೆ ಸುರಿದರೆ ಅದು ವಿಲೇವಾರಿ ಎನಿಸಿಕೊಂಡಿತು.

ನ್ಯಾಯಾಲಯಗಳು ಈ ತಾರತಮ್ಯವನ್ನು ಗುರುತಿಸಿದವು. ಮಧ್ಯಪ್ರದೇಶದ ರತ್ಲಾಮಿನ ನಾಗರಿಕರು ತೆರೆದ ಚರಂಡಿಗಳ ವಿರುದ್ಧ ಮ್ಯಾಜಿಸ್ಟ್ರೇಟರ ಬಳಿ ಹೋದರು. ಹಣವಿಲ್ಲವೆಂದು ಪುರಸಭೆ ತಿಪ್ಪೆ ಸಾರಿಸಿತು. 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ವಾದವನ್ನು ತಳ್ಳಿಹಾಕಿದರು. ಕಾನೂನಿನ ಬೆರಳು ಮೊದಲ ಬಾರಿಗೆ ದಂಡ ಹಾಕುವವರ ಕಡೆಗೇ ಇಷ್ಟು ಸ್ಪಷ್ಟವಾಗಿ ತಿರುಗಿತು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯ ಫಲವಾಗಿ 2000ದಲ್ಲಿ ಘನತ್ಯಾಜ್ಯ ನಿಯಮಗಳು ಬಂದವು. ಆದರೆ ಅವು ಪುರಸಭೆ, ನಗರಸಭೆಗಳ ಗಡಿಯಲ್ಲೇ ನಿಂತವು. 2016ರ ನಿಯಮಗಳು ನಗರಕ್ಕೆ ಅಂಟಿಕೊಂಡ ಊರುಗಳು, ಯಾತ್ರಾಸ್ಥಳಗಳ ತನಕ ಕೈಚಾಚಿದವು. ಕಸವನ್ನು ಮನೆಯಲ್ಲೇ ವಿಂಗಡಿಸುವ ಹೊಣೆಯನ್ನು ಜನರಿಗೂ ವಹಿಸಿದವು.

ಗಡಿಯನ್ನು ಒಪ್ಪಂದದಿಂದ ದಾಟುವ ಪ್ರಯತ್ನವೂ ನಮ್ಮ ಜಿಲ್ಲೆಯಲ್ಲೇ ನಡೆದಿದೆ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 2021ರಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಒಣಕಸ ಘಟಕ ಆರಂಭವಾಯಿತು. ಒಂದೊಂದು ಪಂಚಾಯಿತಿಗೂ ಒಂದೊಂದು ಹೊಂಡ ಹುಡುಕುವ ಬದಲು ಹಲವು ಪಂಚಾಯಿತಿಗಳ ಕಸವನ್ನು ಒಂದೆಡೆ ತಂದು ವಿಂಗಡಿಸುವುದು ಅದರ ಉದ್ದೇಶ. ಕಸ ಇಲ್ಲಿಯೂ ಊರು ದಾಟುತ್ತದೆ. ಆದರೆ ಹಗಲಿನಲ್ಲಿ, ಎಲ್ಲರಿಗೂ ತಿಳಿದು ದಾಟುತ್ತದೆ.

ಕ್ಯಾಮೆರಾ, ದಂಡ, ವಾಹನದ ನಂಬರು ಹಿಡಿಯುವುದು ಎಲ್ಲವೂ ಬೇಕು. ಲೋಡುಗಟ್ಟಲೆ ತಂದು ಸುರಿಯುವವರಿಗೆ ದಂಡ ಭಾರವಾಗಿಯೇ ಇರಬೇಕು. ಆದರೆ ನಗರಸಭೆಯ ಗಾಡಿ ತಿರುಗಿ ಹೋಗುವ, ಪಂಚಾಯಿತಿಯ ಗಾಡಿ ಇನ್ನೂ ತಲುಪದ ಜಾಗದ ಬಾಡಿಗೆ ಮನೆಯವನಿಗೆ ಕಸ ಹಾಕಲು ಕಾನೂನುಬದ್ಧವಾದ ಸ್ಥಳವೇ ಇರುವುದಿಲ್ಲ. ಎಲ್ಲಿ ಹಾಕಬಾರದು ಎಂದು ಎರಡು ಸಾವಿರ ವರ್ಷಗಳಿಂದ ಹೇಳುತ್ತ ಬಂದಿದ್ದೇವೆ. ಎಲ್ಲಿ ಹಾಕಬೇಕು ಎಂಬುದನ್ನು ಗಡಿಯ ಎರಡೂ ಬದಿಯವರು ಕುಳಿತು ತೀರ್ಮಾನಿಸಿದ ಮೇಲೆಯೇ ದಂಡಕ್ಕೆ ನೈತಿಕ ಬಲ ಬರುತ್ತದೆ.