ಕೊಯ್ದ ಮೂಗು, ಕಟ್ಟಿದ ಮೂಗು: ಶ್ರೀರಂಗಪಟ್ಟಣದ ಯುದ್ಧದಿಂದ ಜಯನಗರದವರೆಗೆ

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನ ಇಂಗ್ಲಿಷ್ ಸೈನ್ಯ ಬೆಂಗಳೂರಿನಿಂದ ಕಾನಕಾನಹಳ್ಳಿಯ ದಾರಿ ಹಿಡಿದು ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದತ್ತ ನಡೆಯಿತು. ಇಂದು ಬನಶಂಕರಿ, ಜೆ.ಪಿ. ನಗರಗಳ ಮಗ್ಗುಲಲ್ಲಿ ಹಾಯುವ ಕನಕಪುರ ರಸ್ತೆಯ ದಿಕ್ಕು ಅದೇ. ತೋಪು, ದವಸ ಎಲ್ಲವೂ ಎತ್ತುಗಳ ಹೆಗಲ ಮೇಲಿದ್ದವು. ಶ್ರೀರಂಗಪಟ್ಟಣದ ಹತ್ತಿರ ಎತ್ತುಗಳು ಸಾಲುಸಾಲಾಗಿ ಸತ್ತಾಗ ಭಾರಿ ತೋಪುಗಳನ್ನು ತಾವೇ ಒಡೆದುಹಾಕಿ ಸೈನ್ಯ ಹಿಂದಿರುಗಿತು. ಎತ್ತು ಹೊಡೆಯುವವನನ್ನು ಹಿಡಿದರೆ ಶತ್ರುವಿನ ಕಾಲನ್ನೇ ಹಿಡಿದಂತೆ. ಮೂಗಿನ ಶಸ್ತ್ರಚಿಕಿತ್ಸೆಯ ಆಧುನಿಕ ಚರಿತ್ರೆಯಲ್ಲಿ ಬರುವ ಮೊದಲ ಹೆಸರು ಅಂಥ ಒಬ್ಬ ಎತ್ತಿನಾಳಿನದು.

ಅವನು ಕೋವಾಸ್ಜಿ. ಹೆಸರು ಪಾರ್ಸಿಯಂತೆ ಕೇಳಿಸುತ್ತದೆ. ಆದರೆ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಅಚ್ಚುಮಾಡಿದ ಪತ್ರ ಅವನನ್ನು ಮರಾಠಾ ಒಕ್ಕಲಿಗ ಎನ್ನುತ್ತದೆ. ಇಂಗ್ಲಿಷ್ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದು, 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡವನು. ಈ ಶಿಕ್ಷೆಯನ್ನು ಟಿಪ್ಪುವಿನ ತಲೆಗೇ ಕಟ್ಟುವುದು ಚರಿತ್ರೆಗೆ ಮಾಡುವ ಅನ್ಯಾಯ. 17ನೇ ಶತಮಾನದ ನಡುಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲೇ, ಮೈಸೂರಿನ ಪಡೆ ಮಧುರೆಯ ಸೀಮೆಯಲ್ಲಿ ಮೂಗು ಕೊಯ್ದದ್ದನ್ನು ಜೆಸ್ಯೂಟ್ ಪಾದ್ರಿಗಳ ಪತ್ರಗಳು ಹೇಳುತ್ತವೆ. ಕೊಲ್ಲದೆ ಮಾನ ತೆಗೆಯುವ ದಂಡನೆ ಅದು; ಶೂರ್ಪನಖಿಯ ಕಥೆ ಕೇಳಿ ಬೆಳೆದ ನಾಡಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ.

ಕೋವಾಸ್ಜಿ ಸುಮಾರು ಒಂದು ವರ್ಷ ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಅವನಿಗೆ ಮೂಗು ಕಟ್ಟಿದ. ಮೇಣದ ತೆಳು ಹಾಳೆಯನ್ನು ಮೋಟು ಮೂಗಿನ ಮೇಲೆ ಕೂರಿಸಿ ಅಳತೆ ತೆಗೆದು, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಅಂಚಿಗೆ ಗೆರೆ ಎಳೆದ. ಗೆರೆಯೊಳಗಿನ ಚರ್ಮವನ್ನು ಸುಲಿದ, ಆದರೆ ಹುಬ್ಬುಗಳ ನಡುವಿನ ಒಂದು ಕಿರುಪಟ್ಟಿಯನ್ನು ಕತ್ತರಿಸಲಿಲ್ಲ. ಜಾಣ್ಮೆಯೆಲ್ಲ ಅಲ್ಲಿದೆ: ಹೊಸ ಜಾಗದಲ್ಲಿ ಬೇರು ಬಿಡುವವರೆಗೆ ಚರ್ಮಕ್ಕೆ ರಕ್ತ ಹರಿಯುವುದು ಆ ಪಟ್ಟಿಯಿಂದ. ಚರ್ಮವನ್ನು ತಿರುಗಿಸಿ ಕೆಳಗಿಳಿಸಿ, ಕೂಡಿದ ಅಂಚಿಗೆ ನೀರಲ್ಲಿ ಕಲಸಿದ ಕಾಚನ್ನು ಬಟ್ಟೆಗೆ ಸವರಿ ಹಚ್ಚಿದ. ನಾಲ್ಕು ದಿನದ ಮೇಲೆ ತುಪ್ಪದ ಬಟ್ಟೆ. ಸುಮಾರು 25ನೇ ದಿನ ಪಟ್ಟಿಯನ್ನು ಕತ್ತರಿಸಿದ. ಮುಂಬಯಿ ಪ್ರಾಂತ್ಯದ ಇಬ್ಬರು ಇಂಗ್ಲಿಷ್ ವೈದ್ಯರು ಇದನ್ನು ಕಂಡರು. ಜೇಮ್ಸ್ ವೇಲ್ಸ್ ಕೋವಾಸ್ಜಿಯ ಚಿತ್ರ ಬರೆದ. ಕತ್ತಿ ಹಿಡಿದವನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ. ನನಗೆ ಇಂದಿಗೂ ನೋವಾಗುವುದು ಅದಕ್ಕೆ.

ಇದನ್ನು ‘ಸುಶ್ರುತನ ವಿಧಾನ’ ಎಂದು ಕರೆಯುವ ರೂಢಿಯಿದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೇ ಅಧ್ಯಾಯ ಎಲೆಯಿಂದ ಅಳತೆ ತೆಗೆದು ಚರ್ಮವನ್ನು ಕೆನ್ನೆಯಿಂದ ತರಲು ಹೇಳುತ್ತದೆ. ಪುಣೆಯವನು ತಂದದ್ದು ಹಣೆಯಿಂದ. ಅಳತೆ ತೆಗೆಯುವುದು, ಚರ್ಮದ ಬುಡ ಕಡಿಯದಿರುವುದು ಎರಡರಲ್ಲೂ ಸಮಾನ. ನಡುವಿನ ಶತಮಾನಗಳಲ್ಲಿ ಈ ವಿದ್ಯೆಯನ್ನು ಉಳಿಸಿ ಬೆಳೆಸಿದ್ದು ಕೈಕಸುಬಿನವರು ಎಂದೇ ನನಗೆ ತೋರುತ್ತದೆ.

ಆ ಪತ್ರವನ್ನು ಓದಿದ ಲಂಡನ್ನಿನ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅದೇ ರೀತಿ ಶಸ್ತ್ರಚಿಕಿತ್ಸೆ ನಡೆಸಿ 1816ರಲ್ಲಿ ಪುಸ್ತಕ ತಂದ. ಇರುವ ಮೂಗನ್ನೇ ಚೆಂದಗೊಳಿಸುವ ಕೆಲಸ ಇನ್ನೂ ತಡವಾಗಿ ಬಂತು: ಅಮೆರಿಕದ ಜಾನ್ ಆರ್ಲಾಂಡೊ ರೋ 1887ರಲ್ಲಿ, ಬರ್ಲಿನ್ನಿನ ಜಾಕ್ ಜೋಸೆಫ್ 1898ರಲ್ಲಿ. ಜೋಸೆಫನ ಬಳಿ ಬಂದವನಿಗೆ ಮೂಗು ಇತ್ತು. ಅದು ದೊಡ್ಡದೆಂಬ ಸಂಕೋಚದಿಂದ ಜನರ ನಡುವೆ ಬರಲಾರದೆ ಹೋಗಿದ್ದ. ಕೋವಾಸ್ಜಿಯ ಸಂಕಟ ಅವನದಕ್ಕಿಂತ ಹಿರಿದು, ಆದರೆ ಬೇರೆ ಜಾತಿಯದಲ್ಲ.

ಇಂದು ಜಯನಗರದಲ್ಲೋ ಬಿಟಿಎಂ ಬಡಾವಣೆಯಲ್ಲೋ ರೈನೋಪ್ಲಾಸ್ಟಿಗೆಂದು ವೈದ್ಯರನ್ನು ಕಾಣುವವರಿಗೂ ಈ ಚರಿತ್ರೆಯ ಕೆಲವು ಸಂಗತಿಗಳು ಅನ್ವಯಿಸುತ್ತವೆ. ಚರ್ಮ ಬದುಕುವುದು ರಕ್ತದಿಂದ. ಆದ್ದರಿಂದಲೇ ಸಿಗರೇಟು ಬಿಡಿ ಎನ್ನುತ್ತಾರೆ. ಬಾವು ಪೂರ್ತಿ ಇಳಿದು ಆಕಾರ ನಿಲ್ಲಲು ಒಂದು ವರ್ಷ ಹಿಡಿಯಬಹುದು. ಬೆಳೆಯುವ ವಯಸ್ಸಿನ ಮೂಗಿಗೆ ಅವಸರ ಸಲ್ಲದು. ಒಳಗಿನ ನಡುಗೋಡೆ ಸೊಟ್ಟಗಿದ್ದರೆ ಚೆಂದಕ್ಕಿಂತ ಮೊದಲು ಉಸಿರಾಟದ ಮಾತು ಬರಬೇಕು. ಕ್ಯಾನ್ಸರಿಗೆ ಮೂಗು ಕಳೆದುಕೊಂಡವರಿಗೆ ಈಗಲೂ ಹಣೆಯ ಚರ್ಮವನ್ನೇ ಇಳಿಸುತ್ತಾರೆ. ಹುಬ್ಬಿನ ಬಳಿಯ ಪಟ್ಟಿಯನ್ನು ಸುಮಾರು ಮೂರು ವಾರ ಉಳಿಸಿಕೊಂಡು ಆಮೇಲೆ ಕತ್ತರಿಸುತ್ತಾರೆ.