ಅಂತರ್ಜಾಲ ಮತ್ತು ಭಾರತದ ಯುವಜನ

ಭಾರತದಲ್ಲಿ ಅಂತರ್ಜಾಲ ಜನಸಾಮಾನ್ಯರಿಗೆ ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಕಂಪ್ಯೂಟರ್, ಮೋಡೆಮ್, ದೂರವಾಣಿ ಮೂರೂ ಇದ್ದ ಮನೆಗಳು ಆಗ ವಿರಳ. ಹಾಗಾಗಿ ಮೊದಲ ತಲೆಮಾರಿನ ಯುವಜನರು ಅಂತರ್ಜಾಲವನ್ನು ಕಂಡದ್ದು ಹೆಚ್ಚಾಗಿ ಸೈಬರ್ ಕೆಫೆಗಳಲ್ಲಿ. ಪರೀಕ್ಷೆಯ ಫಲಿತಾಂಶ, ಕೆಲಸದ ಅರ್ಜಿ, ಮೊದಲ ಇ-ಮೇಲ್ ಎಲ್ಲವೂ ಅಲ್ಲೇ, ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು. ಹುಡುಗರೇ ತುಂಬಿರುತ್ತಿದ್ದ ಆ ಇಕ್ಕಟ್ಟಾದ ಕೋಣೆಗಳಿಗೆ ಹೆಣ್ಣುಮಕ್ಕಳನ್ನು ಕಳುಹಿಸಲು ಅನೇಕ ಮನೆಗಳು ಹಿಂಜರಿದವು.

1999ರಲ್ಲಿ ಸಂಶೋಧಕ ಸುಗತ ಮಿತ್ರ ದೆಹಲಿಯ ಕಾಲ್ಕಾಜಿಯ ಕೊಳೆಗೇರಿಯ ಪಕ್ಕದ ಗೋಡೆಯೊಂದರಲ್ಲಿ ಕಂಪ್ಯೂಟರ್ ಅಳವಡಿಸಿದರು. ಯಾರೂ ಹೇಳಿಕೊಡದಿದ್ದರೂ ಮಕ್ಕಳು ಅದನ್ನು ಬಳಸಲು ಕಲಿತರು. ಹಾಗೆ ಕಲಿತದ್ದು ಎಷ್ಟು ಆಳಕ್ಕೆ ಇಳಿಯಿತೆಂಬ ಚರ್ಚೆ ಇದ್ದರೂ, ಬಡ ಮಕ್ಕಳಿಗೆ ಕೊರತೆಯಿದ್ದದ್ದು ಆಸಕ್ತಿಯದಲ್ಲ, ಅವಕಾಶದ್ದು ಎಂಬುದು ಅಲ್ಲಿ ಸ್ಪಷ್ಟವಾಯಿತು.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಮೊಬೈಲ್ ಸೇವೆ ಆರಂಭವಾದ ಮೇಲೆ ಡೇಟಾ ದರ ಕುಸಿಯಿತು, ಹಳ್ಳಿಯ ಹುಡುಗರ ಕೈಗೂ ಮೊಬೈಲ್ ಅಂತರ್ಜಾಲ ಬಂತು. ಆದರೆ ಅಗ್ಗವಾದುದೆಲ್ಲ ಎಲ್ಲರಿಗೂ ದಕ್ಕಲಿಲ್ಲ. ಕೋಯಿಕ್ಕೋಡ್ ಜಿಲ್ಲೆಯ ಮಹಿಳಾ ಹಾಸ್ಟೆಲ್ ಒಂದರಲ್ಲಿ ನಿಗದಿತ ಹೊತ್ತು ಮೊಬೈಲ್ ಒಪ್ಪಿಸಬೇಕೆಂಬ ನಿಯಮವಿತ್ತು. ಅದು ಓದಿಗೆ ಅಡ್ಡಿ ಎಂದು ಪ್ರತಿಭಟಿಸಿದ ವಿದ್ಯಾರ್ಥಿನಿಯನ್ನು ಹೊರಹಾಕಲಾಯಿತು. ಆಕೆ ಕೇರಳ ಹೈಕೋರ್ಟಿನ ಮೆಟ್ಟಿಲೇರಿದಳು. ಅಂತರ್ಜಾಲ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗವೆಂದು 2019ರ ಸೆಪ್ಟೆಂಬರ್ 19ರಂದು ನ್ಯಾಯಮೂರ್ತಿ ಪಿ. ವಿ. ಆಶಾ ತೀರ್ಪಿತ್ತು, ಆಕೆಯನ್ನು ಹಾಸ್ಟೆಲ್‌ಗೆ ಮರಳಿ ಸೇರಿಸಿಕೊಳ್ಳಲು ಆದೇಶಿಸಿದರು. ಹೆಣ್ಣುಮಕ್ಕಳ ಮೊಬೈಲನ್ನು ಶಿಸ್ತಿನ ಹೆಸರಿನಲ್ಲಿ ನಿರ್ಬಂಧಿಸುವ ರೂಢಿಗೆ ಬಿದ್ದ ದೊಡ್ಡ ಪೆಟ್ಟು ಇದು. ಅಂತರ್ಜಾಲ ದಕ್ಕದೆ ಹೋದದ್ದು ಹೆಣ್ಣುಮಕ್ಕಳಿಗಷ್ಟೇ ಅಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ಅಂತರ್ಜಾಲ ಸ್ಥಗಿತಗೊಂಡಿತ್ತು. 4ಜಿ ಅಲ್ಲಿ ಪೂರ್ತಿಯಾಗಿ ಮರಳಿದ್ದು 2021ರ ಫೆಬ್ರುವರಿಯಲ್ಲಿ. ಕೊರೊನಾ ಕಾಲದ ಆನ್‌ಲೈನ್ ತರಗತಿಗಳನ್ನು ಅಲ್ಲಿನ ಬಹುತೇಕ ವಿದ್ಯಾರ್ಥಿಗಳು 2ಜಿಯ ನಿಧಾನಗತಿಯಲ್ಲೇ ಕೇಳಬೇಕಾಯಿತು.

ಶಾಲೆಗಳು ಮುಚ್ಚಿದ್ದ ಆ ಕಾಲದಲ್ಲಿ ಕರ್ನಾಟಕದ ಮಲೆನಾಡು, ಕರಾವಳಿಯ ಒಳಹಳ್ಳಿಗಳ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು, ಅಲ್ಲಿ ಟಾರ್ಪಾಲು ಕಟ್ಟಿಕೊಂಡು ಕುಳಿತರು. ಒಂದೇ ಮೊಬೈಲ್ ಇದ್ದ ಮನೆಗಳಲ್ಲಿ ಅಪ್ಪ ಕೆಲಸದಿಂದ ಬರುವವರೆಗೆ ಪಾಠವಿಲ್ಲ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಚಿತ್ರವೊಂದು ನಾಡಿನೆಲ್ಲೆಡೆ ಹರಿದಾಡಿತು: ರಸ್ತೆಬದಿಯಲ್ಲಿ ಕುಳಿತು ಪಾಠ ಕೇಳುತ್ತಿರುವ ಮಗಳು, ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತ ಅಪ್ಪ.